ನಡಾವಳಿ

ತಿಂಗಳ ಮೊದಲ ಗುರುವಾರ, ಸಂಜೆ ಆರೂವರೆ,
ಗ್ರಿಮ್ಸ್‌ಬಿ ಹಡಗುಕಟ್ಟೆಯ ಹತ್ತಿರದ ಚರ್ಚು, ಅದರ ಹಿಂಗೋಣೆ.
ನಾವು ಹನ್ನೊಂದು ಜನ. ಹೀಟರು ಒಂದೇ,
ಅದೂ ಪೊಲೀಸರ ಕಾಲಬುಡಕ್ಕೆ.
ಕೌನ್ಸಿಲ್ಲಿನಿಂದ ಒಬ್ಬರು, ಅಗ್ನಿಶಾಮಕದಿಂದ ಒಬ್ಬರು,
ಜೈಲಿಂದ ಬಂದವರ ಮೇಲೊಂದು ಕಣ್ಣಿಟ್ಟಿರುವ ಇಲಾಖೆಯ ಹುಡುಗಿ,
ಮೂಲೆಯಂಗಡಿಯ ವರ್ಸಾಮೆ, ಕೋಟು ಬಿಚ್ಚದೆ,
ಅಂಗಡಿಯಲ್ಲಿ ಮಗಳೊಬ್ಬಳೇ ಎಂದು.
ನಾನು ಗ್ಲೆನಿಸ್ ಆಡ್ಲಿಂಗ್. ಮೀನಿನ ಹರಾಜಿನಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಬರೆದ ಕೈ ಎಂದು
ನಡಾವಳಿ ಪುಸ್ತಕ ನನಗೇ ಕಟ್ಟಿದರು.

ವಿಷಯ ಒಂದು: ಹಿತ್ತಿಲ ಓಣಿಯ ದೀಪ.
ಕಂಬ ಕೌನ್ಸಿಲ್ಲಿನದು, ಬಲ್ಬು ಕಂಟ್ರಾಕ್ಟರನದು,
ಕಂಬ ನಿಂತ ನೆಲ ಬಾಡಿಗೆ ಮನೆಗಳ ಸಂಘದ್ದು.
ಕತ್ತಲು ಯಾರದ್ದೆಂದು ಯಾರೂ ಹೇಳಲಿಲ್ಲ,
ನಾನೂ ಬರೆಯಲಿಲ್ಲ.
ಎರಡು ಸಲ ಚಹಾ ಆಯಿತು.
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ;
ನಮ್ಮಲ್ಲಿ ಆ ಬಾಗಿಲಿಗೂ ಟೆಂಡರು ಕರೆಯಬೇಕು.

ವಿಷಯ ಎರಡು: ಬೀಗಗಳು.
ಇಲಾಖೆಯ ಹುಡುಗಿ ಬಾಗಿಲ ಕಡೆ ನೋಡಿ "ಬಾ ಒಳಗೆ" ಅಂದಳು.
ಬಂದವನು ಗ್ಯಾರೆತ್ ಸ್ಕ್ರಿಮ್‌ಶಾ.
ಕೂತವರು ತಮ್ಮ ತಮ್ಮ ಜೇಬು ಮುಟ್ಟಿಕೊಂಡರು.
ಅವನು ಓಣಿಯ ನಕ್ಷೆ ಮೇಲೆ ಬೆರಳಿಟ್ಟ:
"ಇದು ನಲವತ್ತು ಸೆಕೆಂಡು.
ಇದರ ಸ್ಕ್ರೂ ಹೊರಗಡೆ ಇದೆ, ಇಪ್ಪತ್ತು ಸಾಕು.
ಇವರ ನಾಯಿ ಬೊಗಳುತ್ತೆ, ಆದರೆ ಹ್ಯಾಮ್ ಅಂದರೆ ಪ್ರಾಣ."
ಸಾರ್ಜೆಂಟ್ ಬ್ರೌನ್‌ಲೋ ಸರಸರ ಬರೆದುಕೊಂಡಳು
ಪರೀಕ್ಷೆ ಹತ್ತಿರ ಬಂದವಳ ಹಾಗೆ.
ಹದಿನೇಳನೇ ನಂಬರಿಗೆ ಬಂದಾಗ ಬೆರಳು ನಿಂತಿತು.
ಹದಿನೇಳು ನನ್ನ ಮನೆ.
ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ.
ಕಳಕೊಂಡವರದೂ ಹಾಗೇ ಇರಬೇಕು,
ತಲೆ ತಗ್ಗಿಸಿದ್ದು ನಾನು.

ಒಂದು ಮಂಗಳವಾರ ಬಂದ, ಅಗ್ನಿಶಾಮಕದವರ ವ್ಯಾನಿನಲ್ಲಿ,
ಹೊಸ ಬೀಗ, ಡ್ರಿಲ್ಲು, ಹೊಗೆ ಕಂಡರೆ ಕಿರುಚುವ ಬಿಳಿ ಡಬ್ಬಿ.
ಎಂಟು ವರ್ಷದ ಹಿಂದೆ ತಾನು ಒಳಗೆ ಬಂದ ಬಾಗಿಲ ಮುಂದೇ
ಮೊಣಕಾಲೂರಿ ಕೂತ.
ಚಹಾ ಮಾಡಿದೆ. ಅಭ್ಯಾಸ.
"ಆ ತಗಡಿನ ಡಬ್ಬಿ," ಕೇಳಿದೆ,
"ಐಸ್‌ಲ್ಯಾಂಡಿನ, ನಾರ್ವೆಯ ಚಿಲ್ಲರೆ,
ನಮ್ಮವರು ಬಂದರು ಬಂದರಿಂದ ತಂದಿಟ್ಟದ್ದು?"
"ಯಾರೂ ಕೊಳ್ಳಲಿಲ್ಲ ಅಮ್ಮಾ. ಹಡಗುಕಟ್ಟೆಯಲ್ಲಿ ಎಸೆದೆ."
ತಿರುಪು ಬಿಗಿಮಾಡುತ್ತಲೇ ಹೇಳಿದ.
ಸಮುದ್ರದ್ದು ಸಮುದ್ರಕ್ಕೆ ಅಂದುಕೊಳ್ಳೋಣವೆಂದರೆ
ಹೊಟ್ಟೆ ಒಪ್ಪಲಿಲ್ಲ.
ಹೊರಡುವಾಗ ಎರಡೂ ಬೀಗದ ಕೈ ನನ್ನ ಅಂಗೈಗೆ ಹಾಕಿ
"ಎಣಿಸಿಕೊಳ್ಳಿ" ಅಂದ.
ವ್ಯಾನು ತಿರುವು ದಾಟಿದ ಮೇಲೆ ಚಮಚಗಳನ್ನೂ ಎಣಿಸಿದೆ.
ಆರಕ್ಕೆ ಆರು. ಮತ್ತೊಮ್ಮೆ ಎಣಿಸಿದೆ.
ಆಮೇಲೆ ಡ್ರಾಯರು ಮುಚ್ಚಲು ನಾಚಿಕೆಯಾಯಿತು.

ಮಾರ್ಚಿ ತಿಂಗಳ ಸಭೆ. ಪರದೆಯ ಮೇಲೆ ಒಂದು ಗೆರೆ,
ಇಳಿಯುತ್ತಿದೆ. ಮನೆಗಳ್ಳತನ
ಹೋದ ಚಳಿಗಾಲಕ್ಕಿಂತ ಒಂಬತ್ತು ಕಮ್ಮಿ.
ಚಪ್ಪಾಳೆ.
"ಒಂಬತ್ತು" ಎಂದು ಬರೆದು ಪೆನ್ನು ಎತ್ತಿದೆ.
ಯಾವ ಒಂಬತ್ತು? ಯಾವ ರಾತ್ರಿ?
ಗಾಜು ಒಡೆಯದ ಅಡುಗೆಮನೆಯಲ್ಲಿ ಯಾರೋ
ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಮಲಗಿರಬೇಕು.
ಯಾವನೋ ಹುಡುಗ ಓಣಿಯ ತನಕ ಬಂದು
ಜೇಬಿಗೆ ಕೈ ತುರುಕಿ ವಾಪಸು ಹೋಗಿರಬೇಕು.
ಅವರ್ಯಾರೆಂದು ಅವರಿಗೂ ಗೊತ್ತಿಲ್ಲ.
ಬಲೆಗೆ ಬೀಳದ ಮೀನಿಗೆ
ಮೂವತ್ತೊಂದು ವರ್ಷದಲ್ಲಿ ನಾನು ಕಾಲಂ ಹಾಕಿದವಳಲ್ಲ.

ದೀಪದ ವಿಷಯ ಮುಂದಿನ ತಿಂಗಳಿಗೆ ಮುಂದೂಡಲಾಯಿತು.
ವರ್ಸಾಮೆ ತನ್ನ ಅಂಗಡಿಯ ಹಿಂಗೋಡೆಗೆ
ತಾನೇ ಒಂದು ಬಲ್ಬು ಸಿಕ್ಕಿಸಿದ್ದಾನೆ,
ಯಾರ ಮಂಜೂರಾತಿಯೂ ಇಲ್ಲದೆ.
ಅದರ ಕೆಳಗೆ ಗ್ಯಾರೆತ್ ಸಿಗರೇಟು ಸೇದುತ್ತಾ ನಿಂತಿದ್ದ.
ನನ್ನನ್ನು ಕಂಡು ಗೋಡೆಗೆ ಸರಿದು ದಾರಿ ಬಿಟ್ಟ.
ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದೆ.
ಯಾಕೆಂದು ಅವನಿಗೂ ಗೊತ್ತು.
"ಮಳೆ ಬರುತ್ತೆ" ಅಂದ.
"ಹೂಂ" ಅಂದೆ.