ಎರಡು ಮಾತು

‘ಈಗ ಶಿಡ್ಲಘಟ್ಟದ ರೀಲರ್ ಬಾಸಿತ್ ಸಾಬ್ ಅವರಿಂದ ಎರಡು ಮಾತು’
ಅಂದರು ಮೈಕಿನಲ್ಲಿ.
ಎದ್ದೆ. ಕೈಮುಗಿದೆ. ಕೂತೆ.
ಚಿಕ್ಕಬಳ್ಳಾಪುರದ ಪತ್ರಕರ್ತರ ಭವನ ಚಪ್ಪಾಳೆ ತಟ್ಟಿತು,
ಮಾತಾಡದೆ ಇದ್ದದ್ದಕ್ಕೇ ಇರಬೇಕು.

ಆ ಎರಡು ಮಾತು ಇಲ್ಲಿದೆ, ಅಂಜಿನಮ್ಮ.
ಎರಡರಲ್ಲಿ ಮುಗಿಯುವುದಿಲ್ಲ.

ಮೊದಲನೆಯವನು ರೇಹಾನ್. ಒಂಬತ್ತು ತಿಂಗಳಿದ್ದ.
ನನ್ನ ತಾಯಿ ಅವನ ಹಣೆಗೆ ಮುತ್ತಿಟ್ಟು
ತುಟಿ ಸವರಿಕೊಂಡು ಅಂದಿದ್ದಳು:
ಇದೇನು, ಈ ಕೂಸು ಇಷ್ಟು ಉಪ್ಪು!
ನಕ್ಕೆವು. ಬೇಸಿನ್ನಿನ ಮುಂದೆ ಬೇಯುವ ಮನೆಯಲ್ಲಿ
ಯಾರು ತಾನೇ ಉಪ್ಪಲ್ಲ?
ಕೊನೆಗೆ ನ್ಯುಮೋನಿಯಾ ಅಂತ ಬರೆದುಕೊಟ್ಟರು.
ಚೀಟಿ ಇನ್ನೂ ಇದೆ, ಗೂಡಿನ ಬಿಲ್ಲುಗಳ ಜೊತೆ.

ತಸ್ನೀಮ್‌ಗೆ ಎರಡು ವರ್ಷವಿದ್ದಾಗ
ನೀವು ಬಂದದ್ದು ಗೂಡಿನ ಧಾರಣೆ ಕುಸಿದ ಸುದ್ದಿಗೆ.
ಕಾಲಂ ಇಂಚಿನ ಲೆಕ್ಕದಲ್ಲಿ ಸಂಬಳ, ಸೀಟು ಹರಿದ ಲೂನಾ.
ಕೇಳಿದ್ದು ರೇಟು. ಬರೆದುಕೊಂಡದ್ದೂ ರೇಟೇ.
ಹೊರಡುವಾಗ ಮಗುವನ್ನೆತ್ತಿ ಮುತ್ತಿಟ್ಟಿರಿ,
ಇಟ್ಟವರು ಹಾಗೇ ನಿಂತಿರಿ.
ಇನ್ನೊಮ್ಮೆ ಇಟ್ಟಿರಿ, ಈ ಸಲ ಪ್ರೀತಿಗಲ್ಲ,
ಸುದ್ದಿಯನ್ನು ಎರಡು ಕಡೆ ವಿಚಾರಿಸುವ ಹಾಗೆ.

‘ಬೆವರು ಪರೀಕ್ಷೆ ಮಾಡಿಸಿ’ ಅಂದಿರಿ.
ಬೆವರಿಗೂ ಪರೀಕ್ಷೆಯೇ!
ಮೂರು ತಲೆಮಾರು ಸುರಿಸಿದ್ದೇವೆ,
ಅದರಲ್ಲಿ ಏನಿದೆ ಅಂತ ಯಾರೂ ಕೇಳಿರಲಿಲ್ಲ.

ನಿಮ್ಮ ಮೊದಲ ವರದಿ ಎರಡಿಂಚು,
ಸೀರೆ ಅಂಗಡಿ ಜಾಹೀರಾತಿನ ಕೆಳಗೆ.
ಸಿಸ್ಟಿಕ್ ಹೋಗಿ ‘ಸಿಸ್ಟರ್ ಫೈಬ್ರೋಸಿಸ್’ ಆಗಿತ್ತು.
ಜಗಳವಾಡಿ ತಿದ್ದುಪಡಿ ಹಾಕಿಸಿದಿರಿ.
ಆ ತಿದ್ದುಪಡಿ ಓದಿಯೇ ಕೈವಾರದ ಒಬ್ಬ ತಾಯಿ ಫೋನು ಮಾಡಿದಳು,
‘ನನ್ನ ಮಗನ ಹಣೆಯೂ ಉಪ್ಪು.’

ಗೂಡಿನ ಗೋಂದು ಕುದಿನೀರಿಗೆ ಬಿಡುತ್ತದೆ, ಅಂಜಿನಮ್ಮ,
ಎಳೆ ತಾನಾಗಿ ಮೇಲೆ ಬರುತ್ತದೆ.
ಎದೆಯ ಗೋಂದು ಬಿಡುವುದಿಲ್ಲ.
ಬೆಳಿಗ್ಗೆ ಸಂಜೆ ಅವಳನ್ನು ಬೋರಲು ಮಲಗಿಸಿ
ಅಂಗೈ ಬಟ್ಟಲು ಮಾಡಿ ಬೆನ್ನು ತಟ್ಟುತ್ತೇನೆ,
ಹದಿನೇಳು ವರ್ಷವಾಯಿತು.
ಪಕ್ಕದ ಮನೆಯವರಿಗೆ ಆ ಸದ್ದೇ ಗಡಿಯಾರ.
ಈಗ ಬೇರೆ ಶ್ವಾಸಕೋಶವೇ ಬೇಕು ಅನ್ನುತ್ತಾರೆ.
ಪಟ್ಟಿಯಲ್ಲಿ ಹೆಸರಿದೆ. ಫೋನು ದಿಂಬಿನ ಪಕ್ಕ.

ಆ ಫೋನು ಯಾರ ಮನೆಯ ಅಳುವಿನಿಂದ ಬರಬೇಕು?
ಅದು ಹೊಳೆದ ರಾತ್ರಿ ದುವಾ ಅರ್ಧಕ್ಕೆ ನಿಂತಿತು.
ಎತ್ತಿದ ಕೈ ಎತ್ತಿದ ಹಾಗೇ.
ಏನು ಬೇಡಲಿ? ಯಾರಿಗೆ ಏನಾಗಲಿ ಅಂತ ಬೇಡಲಿ?

ನೀವಂದಿರಿ: ಸಾವು ಬೇಡಬೇಡಿ, ಅದು ತಾನೇ ಬರುತ್ತೆ.
ಬಂದಮೇಲೆ ಒಂದು ಸಹಿ ಬೇಡಿ.

ಗೂಡಿನ ಮಾರ್ಕೆಟ್ಟಿನ ಬಾಗಿಲಲ್ಲಿ ಫಾರಂ ಹಿಡಿದು ನಿಂತಿರಿ.
ಕಣ್ಣು ಕೊಟ್ಟರೆ ಮುಂದಿನ ಜನ್ಮಕ್ಕೆ ಕುರುಡು ಅಂದರು ಪಿಳ್ಳಪ್ಪನೋರು.
‘ಬೂದಿಗೆ ಕೊಟ್ಟರೆ ಮಾತ್ರ ವಾಪಸ್ ಬರುತ್ತಾ?’ ಅಂದಿರಿ.
ನಮ್ಮ ಹಿರಿಯರು ‘ವಿಚಾರಿಸಿ ಹೇಳ್ತೀವಿ’ ಅಂದರು,
ಇನ್ನೂ ವಿಚಾರಿಸುತ್ತಿದ್ದಾರೆ.
ನಲವತ್ತೊಂದು ಸಹಿ. ಮೊದಲನೆಯದು ನಿಮ್ಮದು.

ಹುಳದಿಂದ ನೂಲು ತೆಗೆಯುವವನು ನಾನು.
ಹುಳ ಕೊಟ್ಟದ್ದಲ್ಲ ಅದು, ನಾನು ಕಿತ್ತುಕೊಂಡದ್ದು.
ಕೊಡುವುದು ಅಂದರೇನು ಅಂತ ತಿಳಿದದ್ದು
ದಿಬ್ಬೂರಹಳ್ಳಿ ರಸ್ತೆಯಲ್ಲಿ ಬಿದ್ದ ಲಾರಿ ಕ್ಲೀನರ್ ಹುಡುಗನ ತಾಯಿ
ಹೆಬ್ಬೆಟ್ಟು ಒತ್ತಿದ್ದನ್ನು ನೀವು ಬರೆದ ದಿನ.
ಅವನ ಉಸಿರು ನಮಗೆ ಹೊಂದಲಿಲ್ಲ, ಇನ್ಯಾರದೋ ಎದೆಗೆ ಹೋಯಿತು.
ಅವಳ ಹೆಸರು ಹಾಕಿರಲಿಲ್ಲ ನೀವು.
ಕೇಳಿದೆ. ಹೇಳಲಿಲ್ಲ.

ಇವತ್ತು ಪೇಟ, ಶಾಲು, ಹಣ್ಣಿನ ಬುಟ್ಟಿ.
ಫಲಕದಲ್ಲಿ ‘ಅಂಜನಮ್ಮ’ ಅಂತ ಕೆತ್ತಿದ್ದಾರೆ.
ನೋಡಿದಿರಿ. ತಿದ್ದಲಿಲ್ಲ.
ಭಾಷಣದ ನಡುವೆ ತಸ್ನೀಮ್ ಕೆಮ್ಮಿದಳು, ಉದ್ದಕ್ಕೆ.
ಎಲ್ಲರೂ ತಿರುಗಿ ಅವಳನ್ನು ನೋಡಿದರು,
ನೀವು ಕೈಗಡಿಯಾರ.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ.
ನಮ್ಮಲ್ಲಿ ಉಂಡವರಲ್ಲ ನೀವು,
ಟೀ ಕೂಡ ಅರ್ಧಕ್ಕೆ ಬಿಟ್ಟು ಓಡುವವರು.
ತಿಂದ ಉಪ್ಪೆಲ್ಲ ಅವಳ ಹಣೆಯದು.

ಅಷ್ಟೇ. ಬಸ್ಸಿಗೆ ಹೊತ್ತಾಯಿತು.
ನಿಮ್ಮ ಬೆನ್ನು ಇವರೆಲ್ಲ ತಟ್ಟಲಿ,
ಏಳು ಗಂಟೆಗೆ ನಾನು ಇವಳದು ತಟ್ಟಬೇಕು.