ಹೆಬ್ಬೆರಳಗಲ ಜಾಗ

ಕೋಡಿಬಾಗ ರಸ್ತೆಯ ನನ್ನ ಸ್ಟುಡಿಯೋಗೆ
ಆತ ಬಂದದ್ದು ಪಾಸ್‌ಪೋರ್ಟ್ ಫೋಟೊಕ್ಕೆಂದೇ ತಿಳಿದಿದ್ದೆ.
ಅರಗಾದಲ್ಲಿ ಹಡಗಿನ ಬಾಯ್ಲರು ನೋಡುವವ,
ಗೆನ್ನಾದಿ; ಬೆಂದ ಏಡಿಯ ಬಣ್ಣದ ಕತ್ತು,
ಕಂಕುಳಲ್ಲಿ ಬಿಸ್ಕೀಟಿನ ಡಬ್ಬ.

ಡಬ್ಬದಲ್ಲಿ ಒಂದೇ ಫೋಟೊ.
ಬಿಳಿಸಮುದ್ರದ ಯಾವುದೋ ಬಂದರು, ದಿಮ್ಮಿಗಳ ರಾಶಿ,
ಮುಂದೆ ಬೆಂಚಿನ ಮೇಲೆ ಏಳು ಜನ.
ಆರು ಮುಖ.
ಏಳನೆಯ ಕಾಲರಿನ ಮೇಲೆ
ಹೆಬ್ಬೆರಳಗಲ ಬರೀ ಬಿಳಿ,
ಒಳಗಿನ ಕಾಗದ ಎದ್ದು ಬರುವ ಹಾಗೆ ಕೆರೆದದ್ದು.

'ಅಜ್ಜ' ಎಂದ.
ಮುರುಕು ಹಿಂದಿಯಲ್ಲಷ್ಟು, ಉಳಿದದ್ದು ಕೈಸನ್ನೆಯಲ್ಲಿ:
ದಿಮ್ಮಿ ಎಣಿಸುವ ಗುಮಾಸ್ತ. ಮೂವತ್ತೇಳನೇ ಇಸವಿ.
ಜಿಲ್ಲೆಗೆ ಇಷ್ಟು ಜನಶತ್ರುಗಳೆಂದು
ಪಕ್ಷದ ಕಾಗದ ಬಂದಿತ್ತು ಮೇಲಿನಿಂದ,
ಲೆಕ್ಕಕ್ಕೆ ಎರಡು ತಲೆ ಕಡಿಮೆ ಬಿತ್ತು.
ರಾತ್ರಿ ಬಂದವರು ಬೂಟು ಹಾಕಿಕೊಳ್ಳಲು ಬಿಟ್ಟರು,
ಲೇಸು ಕಟ್ಟಿಕೊಳ್ಳಲು ಬಿಡಲಿಲ್ಲ.

'ಮುಖ ಕೆರೆದದ್ದೂ ಅವರೇ?'
ಇಲ್ಲವೆಂದು ತಲೆಯಾಡಿಸಿದ.
ಪಕ್ಕದಲ್ಲಿ ಕೂತ ಹೆಂಗಸನ್ನು ತೋರಿಸಿದ.
ಅಗ್ರಿಪ್ಪೀನಾ. ಅಜ್ಜಿ.

ಆ ಮುಖ ಗೋಡೆಯಲ್ಲಿದ್ದರೆ
ಮಗನಿಗೆ ಶಾಲೆಯಿಲ್ಲ, ಮನೆಗೆ ರೊಟ್ಟಿಚೀಟಿಯಿಲ್ಲ.
ಕದ ಹಾಕಿ, ದೀಪ ಸಣ್ಣ ಮಾಡಿ
ಗೋಣಿ ಹೊಲಿಯುವ ಸೂಜಿ ತಂದಳಂತೆ.
ಮೊದಲು ಕಣ್ಣು.
ಮಗ ಮಲಗಿದಂತೆ ಮಲಗಿ ನೋಡುತ್ತಿದ್ದ.
ಬೆಳಿಗ್ಗೆ ಅವನಿಗೆ ಗಂಜಿ ಕೊಟ್ಟ ಕೈಯ
ಉಗುರುಸಂದಿಯಲ್ಲಿ ಬೂದುಬಣ್ಣದ ಪುಡಿ.

ಹತ್ತೊಂಬತ್ತು ವರ್ಷ ಕಳೆದು ಸರಕಾರದ ಚೀಟಿ ಬಂತು:
ಪರಿಶೀಲಿಸಲಾಗಿ ಅಪರಾಧ ಕಂಡುಬಂದಿಲ್ಲ.
ಜೊತೆಗೆ ಸತ್ತವನ ಎರಡು ತಿಂಗಳ ಸಂಬಳ.
ಆ ದುಡ್ಡಲ್ಲಿ ಅಜ್ಜಿ ಗಂಡಸಿನ ಕೋಟೊಂದು ಕೊಂಡು
ಬಾಗಿಲ ಗೂಟಕ್ಕೆ ಹಾಕಿದಳು.
ನುಸಿ ತಿಂದು ಮುಗಿಸುವ ತನಕ ಅಲ್ಲೇ ಇತ್ತು.

'ಮುಖ ಬಿಡಿಸಿ ಕೊಡು' ಎಂದ ಗೆನ್ನಾದಿ.
'ಹೇಗಿತ್ತು?'
'ಕಂಡವರು ಯಾರೂ ಉಳಿದಿಲ್ಲ.'

ನಾನು ಶಾಬು ಕೊಠಾರಕರ. ಇಡೀ ಕಾರವಾರದಲ್ಲಿ
ನನ್ನಷ್ಟು ನುಣ್ಣಗೆ ಮುಖ ತೆಗೆಯುವವರು ಇರಲಿಲ್ಲ.
ಜಾತಿ ಬಿಟ್ಟು ಮದುವೆಯಾದ ಮಗಳು, ಆಸ್ತಿಗೆ ಜಗಳಾಡಿದ ತಮ್ಮ,
ಎಲ್ಲರನ್ನೂ ಪರದೆಯೊಳಗೆ ಕರಗಿಸಿದ್ದೇನೆ.
ಎಪ್ಪತ್ತೆರಡರಲ್ಲಿ ಬೈತಖೋಲದ ಹಮಾಲರ ಸಂಘದಿಂದ
ಕಾರ್ಯದರ್ಶಿ ಬಂದು ಗ್ರೂಪ್ ಫೋಟೊ ಮೇಜಿಗಿಟ್ಟು
ಪುರ್ಸು ತಾಂಡೇಲನ ಹಣೆಗೆ ಬೆರಳೊತ್ತಿದ:
'ಲೈನು ತಪ್ಪಿದವ. ಇವನಿರಕೂಡದು.'
ಎಂಟು ರೂಪಾಯಿ.
ಸೊನ್ನೆ ನಂಬರಿನ ಕುಂಚ, ಎಂಜಲಲ್ಲಿ ತುದಿ ಚೂಪು ಮಾಡಿ
ಪುರ್ಸುವಿನ ಮೇಲೆ ಕುರ್ಮಗಡ ಬೆಳೆಸಿದೆ, ಸುತ್ತ ಸಮುದ್ರ.
ಪಕ್ಕದವನ ಹೆಗಲ ಮೇಲಿದ್ದ ಅವನ ಕೈಯೊಂದು ಮರೆತೆ.
ಈಗಲೂ ಇದೆ ಅದು ಆ ಆಫೀಸಿನಲ್ಲಿ,
ಗುಡ್ಡದಿಂದ ಹೊರಟು ಹೆಗಲು ಹಿಡಿದ ಕೈ.

ಪುರ್ಸು ಬದುಕಿಯೇ ಇದ್ದ. ಇಲ್ಲಿ ಅವರಿಗೆ
ನನ್ನ ಕುಂಚವಷ್ಟೇ ಸಿಕ್ಕಿತ್ತು.
ಮೀನುಪೇಟೆಯಲ್ಲಿ ಎದುರಾದರೆ
ತಾರ್ಲೆಯ ಚೀಲ ಕೈಬದಲಿಸಿ ಕೇಳುತ್ತಿದ್ದ:
'ಏನೋ ಶಾಬು, ನಾನು ಇದ್ದೀನಾ?'
ನಗುತ್ತಿದ್ದ. ನಾನೂ ನಗುತ್ತಿದ್ದೆ.

ಮೂರು ರಾತ್ರಿ ಕೂತೆ.
ಗೆನ್ನಾದಿಯ ಕಿವಿ, ಗೆನ್ನಾದಿಯ ಗದ್ದ ಇಟ್ಟರೆ
ಗೆನ್ನಾದಿಯೇ ಆಗುತ್ತಾನೆ ಮುದುಕನಾಗದ ಅಜ್ಜ.
ಅವನ್ನು ಬಿಟ್ಟು ಬರೆದರೆ
ಹುಬ್ಬು ಮೂಡುತ್ತಲೇ ಪುರ್ಸು.
ಒದ್ದೆ ಹತ್ತಿಯಿಂದ ಒರೆಸಿದೆ. ಮತ್ತೆ ಒರೆಸಿದೆ.
ಒರೆಸುವುದು ಚೆನ್ನಾಗಿ ಬರುತ್ತದೆ ನನಗೆ.

ನಾಲ್ಕನೇ ಸಂಜೆ ಅವನಿಗೆ ಅಂದೆ:
ಉಪ್ಪುಗಾಳಿಗೆ ಹಿಡಿದಿದ್ದ ಬೂಷ್ಟು ತೆಗೆದಿದ್ದೇನೆ,
ಬೇರೇನೂ ಮಾಡಿಲ್ಲ.
ಲೆನ್ಸು ಅವನ ಕೈಗಿಟ್ಟೆ. ನೋಡು,
ಗೀರುಗಳು ಹಣೆಯಿಂದ ಇಳಿದು ಗಂಟಲಿನ ತನಕ ಬಂದಿವೆ,
ಅಲ್ಲಿ ಸೂಜಿ ನಿಂತಿದೆ.
ಕಾಲರಿನ ಗುಂಡಿ ಮುಟ್ಟಿಲ್ಲ.
ಉಳಿದ ಗುಂಡಿಗಳಂತಿಲ್ಲ ಅದು, ಆಮೇಲೆ ಹಚ್ಚಿದ್ದು,
ದಾರವೂ ಬೇರೆ.

ಕರೆಂಟು ಹೋಯಿತು.
ಅವನು ಲೆನ್ಸು ಕೆಳಗಿಡಲಿಲ್ಲ.