ಪೀಸ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು.
ನನ್ನ ಇಂಗ್ಲಿಷೆಲ್ಲ ಪ್ಯಾಂಟಿನ ಮೈಮೇಲಿದೆ:
ಲೂಪು, ಫ್ಲೈ, ಯೋಕು, ಬೆಲ್ಟು, ಬಾಟಮ್ಮು.
ಕೌಲ್ ಬಜಾರಿನ ಈ ಶೆಡ್ಡಿನಲ್ಲಿ
ಹನ್ನೊಂದು ಮಶೀನು ಒಟ್ಟಿಗೆ ಅರಚುವಾಗ
ಬಾಕಿ ಮಾತೆಲ್ಲ ಕೈಸನ್ನೆ,
ಕೂಗಿ ಕೇಳುವುದು ಒಂದೇ:
ಎಷ್ಟಾಯ್ತೇ ಪೀಸು?

ಕಟಿಂಗ್ ಟೇಬಲ್ಲಿಂದ ಬರುವಾಗ
ಎಡಗಾಲು ಬೇರೆ, ಬಲಗಾಲು ಬೇರೆ,
ಜೇಬು ಇನ್ನೂ ಯಾರ ಜೇಬೂ ಅಲ್ಲ.
ಅವನ್ನೂ ಪೀಸು ಅಂತೀವಿ.
ಎಲ್ಲ ಕೂಡಿಸಿ, ಗುಂಡಿ ಬಡಿದು,
ನಿಲ್ಲಿಸಿದರೆ ತಾನೇ ನಿಲ್ಲುವಂಥ ಪ್ಯಾಂಟಾದ ಮೇಲೆ
ಅದನ್ನೂ ಪೀಸು ಅಂತೀವಿ.
ಹರಿದದ್ದಕ್ಕೂ ಕೂಡಿದ್ದಕ್ಕೂ ಒಂದೇ ಹೆಸರು ಯಾಕೆ
ಅಂತ ಕೇಳಿದ್ದಕ್ಕೆ
ಮೇಸ್ತ್ರಿ ಎರ್ರಿಸ್ವಾಮಿ ಅಂದ:
ನಿನ್ನ ಲೂಪು ನೀನು ಹೊಲಿಯಮ್ಮ.

ಶಬ್ದ ಶೆಡ್ಡಿಗೇ ನಿಲ್ಲಲ್ಲ, ಬೆನ್ನಿಗೇ ಮನೆಗೆ ಬರುತ್ತೆ,
ಉಗುರಿಗೆ ಹತ್ತಿದ ನೀಲಿಯ ಹಾಗೆ.
ಕರೆಂಟು ಹೋದರೆ, ಫ್ಯೂಸ್ ಪೀಸ್ ನೋಡು.
ಖಾಜಾಬಿ ಮಗನ ಮದುವೆಯಲ್ಲಿ
ಬರೀ ಅನ್ನ ಬಿತ್ತು, ಪೀಸೇ ಇಲ್ಲ ಅಂತ
ನನ್ನ ಗಂಡ ಮೂರು ದಿನ ಓಣಿಯೆಲ್ಲ ಹೇಳಿಕೊಂಡು ತಿರುಗಿದ.
ಸುಂಕಮ್ಮಗೆ ನಾನು ಉಡಿ ತುಂಬಿದ ಹಸಿರು ಬ್ಲೌಸ್ ಪೀಸು
ಐದು ಮನೆ ಸುತ್ತಿ ಎರಡು ವರ್ಷಕ್ಕೆ
ನನ್ನ ಉಡಿಗೇ ಬಿತ್ತು,
ಮೂಲೆಯಲ್ಲಿ ಅದೇ ಅರಿಷಿಣದ ಕಲೆ.
ಯಾರೂ ಹೊಲಿಸಿಕೊಳ್ಳಲಿಲ್ಲ, ಪಾಪ.
ತವರಿನವರನ್ನು ಕಂಡ ಹಾಗೆ ನಕ್ಕೆ.

ಆಮೇಲೆ ಮೋತಿ ಸರ್ಕಲ್ಲು.
ನಾಗವೇಣಿಯನ್ನು ಟ್ಯೂಷನ್ನಿಂದ ಕರೆತರುವ ಹೊತ್ತು.
ಗಾಡಿಗೆ ಒರಗಿದ್ದ ಹುಡುಗ ಪಕ್ಕದವನಿಗೆ ಅಂದ,
ನಮಗೆ ಕೇಳಲೆಂದೇ ಅಂದ:
ಏನ್ ಪೀಸಲೇ.

ನಿಂತೆ.
ಚೀಲದಲ್ಲಿ ಕತ್ತರಿ ಇತ್ತು, ಮುಟ್ಟಲಿಲ್ಲ.
ಯಾವ ಪೀಸಪ್ಪ? ಎಡಗಾಲೋ ಬಲಗಾಲೋ?
ರೇಟು ಎಷ್ಟಂತೆ?
ಅವನು ತಲೆ ತಗ್ಗಿಸಿದ. ನನ್ನ ಕಣ್ಣೂ ತಗ್ಗಿತು,
ಅವನ ಸೊಂಟ ಕಂಡಿತು:
ಐದು ಲೂಪು, ಪಕ್ಕದ್ದೊಂದು ನೂಲೆಳೆ ವಾರೆ.
ನನ್ನ ಕೈಯೇ.
ಜ್ವರ ಬಂದ ವಾರದ್ದಿರಬೇಕು.

ಗಣಪತಿ ಹಬ್ಬ ಎಂಟು ದಿನ ಇರುವಾಗ
ಪೊಲೀಸಪ್ಪ ಶೆಡ್ಡಿನ ಬಾಗಿಲಿಗೆ ಬಂದ.
ನಾಳೆ ನಾಲ್ಕಕ್ಕೆ ಸ್ಟೇಷನ್ನಿನಲ್ಲಿ ಪೀಸ್ ಮೀಟಿಂಗು,
ಸಂಘದಿಂದ ಇಬ್ಬರು ಹೆಂಗಸರು ಬರಬೇಕು.
ಕೊನೆಗೂ ಸರ್ಕಾರಕ್ಕೆ ತಿಳಿಯಿತಲ್ಲ ಅಂತ
ನಾನೂ ಸುಂಕಮ್ಮನೂ
ಮೂರು ವರ್ಷದ ಲೆಕ್ಕದ ಚೀಟಿ ಕಟ್ಟಿಕೊಂಡು ಹೋದೆವು.

ಅಲ್ಲಿ ಪ್ಲಾಸ್ಟಿಕ್ ಕುರ್ಚಿ, ಮಿರ್ಚಿ, ಚಾ.
ಹತ್ತಕ್ಕೆ ಡಿಜೆ ಬಂದ್. ಮೆರವಣಿಗೆ ಈ ದಾರಿ, ಆ ದಾರಿ ಬೇಡ.
ಬಿಳಿ ಗಡ್ಡದವರೂ ಕುಂಕುಮದವರೂ ಫೋಟೋಕ್ಕೆ ಅಪ್ಪಿಕೊಂಡರು,
ಸರಿ ಬರಲಿಲ್ಲ ಅಂದದ್ದಕ್ಕೆ ಇನ್ನೊಮ್ಮೆ ಅಪ್ಪಿಕೊಂಡರು.
ಯಾರಾದರೂ ಹೇಳೋದಿದ್ದರೆ ಹೇಳಿ, ಅಂದರು ಸಾಹೇಬರು.
ಎದ್ದೆ.
ಪೀಸಿಗೆ ಎರಡು ರೂಪಾಯಿ ಸಾಲಲ್ಲ ಸಾರ್.

ನಗು, ಚಾ ಚೆಲ್ಲುವಷ್ಟು.
ಈ ಕಡೆಯವರೂ ಆ ಕಡೆಯವರೂ ಒಟ್ಟಿಗೆ ನಕ್ಕದ್ದು
ಅವತ್ತು ಅದೊಂದೇ ಸಲ.
ಸಾಹೇಬರು ಬರೆದುಕೊಂಡರು,
ಇಲ್ಲಾ ಬರೆದ ಹಾಗೆ ಪೆನ್ನು ಆಡಿಸಿದರು.

ರಾತ್ರಿ ನಾಗವೇಣಿ ನೋಟ್‌ಬುಕ್ಕಲ್ಲಿ ಬರೆದು ತೋರಿಸಿದಳು:
ಇದು ತುಂಡು, ಇದು ಶಾಂತಿ.
ಅಕ್ಷರ ಬೇರೆ ಅಮ್ಮ, ಬಾಯಿಗೆ ಒಂದೇ.
ಕನ್ನಡದಲ್ಲಿ ಬರಿ ಅಂದೆ.
ಬರೆದಳು, ಎರಡು ಸಲ.
ಕೂದಲೆಳೆ ವ್ಯತ್ಯಾಸವಿಲ್ಲ.
ನನಗೆ ಬರುವುದು ಈ ಅಕ್ಷರವೇ,
ನಾನೇನೇ ತಪ್ಪು ಹೇಳಿದೆ?

ಇವತ್ತು ನೂರಾ ನಲವತ್ತು ಪೀಸು.
ಒಂದು ವಾಪಸ್ ಬಂತು, ಲೂಪು ವಾರೆ ಅಂತ.
ಬಿಚ್ಚುತ್ತಾ ಕೂತಿದ್ದೀನಿ.